ಬೀಳುವ ಪರಮಾಣು

ಕೈಜಾರಿದ ವಸ್ತು ನೆಲಕ್ಕೆ ಬೀಳುತ್ತದೆ. ತೊಟ್ಟಿಲ ಮಗುವೂ ಅರಿತಿರುವ ಈ ಸಂಗತಿಯಲ್ಲಿ ವಿಚಾರ ಮಾಡತಕ್ಕದ್ದೇನಿದೆ ಎಂದು ನೀವು ಕೇಳಬಹುದು. ಆದರೆ ಎರಡು ಬೇರೆ ಬೇರೆ ವಸ್ತುಗಳನ್ನು ಒಂದೇ ಎತ್ತರದಿಂದ ಒಂದೇ ಕ್ಷಣದಲ್ಲಿ ಬಿಟ್ಟರೆ ಅವೆರಡೂ ಒಟ್ಟಿಗೇ ನೆಲ ಮುಟ್ಟುತ್ತವೆಯೆ, ಮುಟ್ಟಿದರೆ ಎಷ್ಟರಮಟ್ಟಿಗೆ ಒಟ್ಟಿಗೆ ಎಂದು ಕೇಳಿನೋಡಿ. ಉತ್ತರ ಅಷ್ಟು ಸುಲಭವಲ್ಲ. ಈ ಒಂದು ಪ್ರಶ್ನೆಯನ್ನು ಮನುಷ್ಯನು ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಕೇಳುತ್ತ ಬಂದಿದ್ದಾನೆ. ಗುಂಡುಗಳನ್ನು ಬೀಳಿಸಿ ಕೇಳಿದ, ಲೋಲಕಗಳನ್ನು ತೂಗಿಬಿಟ್ಟು ಕೇಳಿದ, ಚಂದ್ರನ ಮೇಲೆ ನಿಂತು ಕೇಳಿದ. ಈಗ ಕೇವಲ ಪರಮಾಣುಗಳನ್ನು ಬೀಳಿಸಿ ಕೇಳುತ್ತಿದ್ದಾನೆ. ಉತ್ತರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಕಂಡುಬಂದರೂ ವಿಶ್ವದ ರಚನೆಯನ್ನು ಕುರಿತು ನಾವು ನಂಬಿರುವ ಮಾತುಗಳಲ್ಲಿ ಕೆಲವನ್ನು ತಿದ್ದಿ ಬರೆಯಬೇಕಾಗುತ್ತದೆ.

‘ಗುರುತ್ವ’, ‘ಪರಮಾಣು’ ಎಂಬೀ ಎರಡು ಶಬ್ದಗಳು ನಮಗೆ ಹೊಸವಲ್ಲ. ವಸ್ತು ಬೀಳುವುದಕ್ಕೆ ಗುರುತ್ವವೆಂಬ ಗುಣವು ಕಾರಣವೆಂದು ವೈಶೇಷಿಕ ದರ್ಶನದವರು ಹೇಳಿದ್ದರು. ಮತ್ತೆ ಒಡೆಯಲಾಗದ ಅತ್ಯಂತ ಸೂಕ್ಷ್ಮ ಕಣವನ್ನು ಪರಮಾಣುವೆಂದು ಕರೆದವರೂ ಅವರೇ. ಇಂದಿನ ವಿಜ್ಞಾನದ ಪಠ್ಯಗಳಲ್ಲಿ ಈ ಶಬ್ದಗಳನ್ನು ಬಳಸುವಾಗ ನಾವು ಹಳೆಯ ನಾಣ್ಯವನ್ನು ಹೊಸ ಪೇಟೆಯಲ್ಲಿ ಚಲಾಯಿಸುತ್ತಿದ್ದೇವೆ. ಶಬ್ದ ಹಳೆಯದೆಂದ ಮಾತ್ರಕ್ಕೆ ಅರ್ಥವೂ ಅದೇ ಎನ್ನಲಾಗದು. ದರ್ಶನಕಾರರ ಪರಮಾಣು ತರ್ಕದಿಂದ ಊಹಿಸಿದ್ದು. ಇಂದಿನದು ಬೆಳಕಿನಿಂದ ಹಿಡಿದು ನಿಲ್ಲಿಸಿ, ಬೇಕೆಂದಾಗ ಕೈಬಿಡತಕ್ಕದ್ದು. ಗುರುತ್ವವೂ ಪರಮಾಣುವೂ ಒಂದೇ ಪ್ರಯೋಗಶಾಲೆಯಲ್ಲಿ ಹೇಗೆ ಕೂಡಿದವೆಂಬುದೇ ಈ ಲೇಖನದ ವಿಷಯ.

ಗ್ರೀಸಿನ ಅರಿಸ್ಟಾಟಲನು ಭಾರವಾದ ವಸ್ತು ಬೇಗನೆಯೂ ಹಗುರವಾದದ್ದು ನಿಧಾನವಾಗಿಯೂ ಬೀಳುತ್ತದೆಂದು ಬೋಧಿಸಿದನು. ಕಲ್ಲನ್ನೂ ಗರಿಯನ್ನೂ ನೋಡಿದವನಿಗೆ ಇದು ಸರಿಯೆಂದೇ ತೋರುವುದು ಸಹಜ. ಹೇಳಿದವನ ಹಿರಿಮೆಯೂ ಸೇರಿ ಆ ಮಾತು ಬಹುಕಾಲ ನಿಂತಿತು. ಕ್ರಿಸ್ತಶಕ ಆರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಫಿಲೊಪೊನಸ್ ಎಂಬ ವಿದ್ವಾಂಸನು, ತೂಕದಲ್ಲಿ ಬಹಳ ಅಂತರವಿರುವ ಎರಡು ವಸ್ತುಗಳನ್ನು ಬೀಳಿಸಿದರೂ ಕಾಲದಲ್ಲಿ ಅತ್ಯಲ್ಪ ಅಂತರವೇ ಕಾಣುವುದೆಂದು ಆಕ್ಷೇಪಿಸಿದನು. ಅವನ ಮಾತಿಗೆ ಮನ್ನಣೆ ದೊರೆಯಲಿಲ್ಲ. ಸುಮಾರು ಒಂದು ಸಾವಿರ ವರ್ಷಗಳ ತರುವಾಯ ಹಾಲೆಂಡಿನಲ್ಲಿ ಸೈಮನ್ ಸ್ಟೆವಿನ್ ಎಂಬ ಗಣಿತಜ್ಞನು ಸೀಸದ ಎರಡು ಗುಂಡುಗಳನ್ನು 30 ಅಡಿ ಎತ್ತರದಿಂದ ಕೆಳಗಿನ ಹಲಗೆಯ ಮೇಲೆ ಬೀಳಿಸಿದನು. ಒಂದು ಗುಂಡು ಇನ್ನೊಂದರ ಹತ್ತರಷ್ಟು ತೂಕ. ಹಲಗೆಗೆ ಬಡಿದ ಎರಡು ಸದ್ದುಗಳು ಒಂದೇ ಸದ್ದಿನಂತೆ ಕೇಳಿದುವು. ಇದನ್ನು ಅವನು 1586ರಲ್ಲಿ ಅಚ್ಚುಮಾಡಿಸಿದನು. ಆ ದಿನ ಶಾಸ್ತ್ರವನ್ನು ತೀರ್ಮಾನಿಸಿದ್ದು ಕಣ್ಣಲ್ಲ, ಕಿವಿ ಎಂಬುದನ್ನು ರೇಡಿಯೋ ಕೇಳುವ ನಾವು ಗಮನಿಸಬಹುದು.

ಗೆಲಿಲಿಯೋ ಪೀಸಾ ನಗರದ ಓರೆ ಗೋಪುರವನ್ನೇರಿ ಗುಂಡುಗಳನ್ನು ಬೀಳಿಸಿದ ಕಥೆ ಎಲ್ಲರಿಗೂ ಗೊತ್ತು. ಅದನ್ನು ಹೇಳಿದವನು ಅವನ ಶಿಷ್ಯ ವಿವಿಯಾನಿ. ಅದು ನಡೆಯಿತೋ ಇಲ್ಲವೋ ಎಂಬುದರಲ್ಲಿ ಚರಿತ್ರಕಾರರಿಗೆ ಸಂದೇಹವಿದೆ. ಇಳಿಜಾರು ಹಲಗೆಯ ಮೇಲೆ ಗುಂಡುಗಳನ್ನು ಉರುಳಿಸಿ, ಪಾತ್ರೆಯಿಂದ ಸುರಿದ ನೀರನ್ನು ತೂಗಿ ಕಾಲವನ್ನು ಅಳೆದದ್ದನ್ನು ಮಾತ್ರ ಅವನೇ 1638ರ ಗ್ರಂಥದಲ್ಲಿ ವಿವರಿಸಿದ್ದಾನೆ. 1687ರಲ್ಲಿ ತನ್ನ ಮಹಾಗ್ರಂಥವನ್ನು ಪ್ರಕಟಿಸಿದ ನ್ಯೂಟನ್ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋದನು. ಚಿನ್ನ, ಬೆಳ್ಳಿ, ಸೀಸ, ಗಾಜು, ಮರಳು, ಉಪ್ಪು, ಮರ, ನೀರು, ಗೋಧಿ, ಹೀಗೆ ಒಂಬತ್ತು ವಸ್ತುಗಳನ್ನು ಸಮತೂಕದಲ್ಲಿ ಒಂದೇ ಬಗೆಯ ಮರದ ಡಬ್ಬಿಗಳಿಗೆ ತುಂಬಿ ಲೋಲಕಗಳನ್ನಾಗಿ ಮಾಡಿ ತೂಗಾಡಿಸಿದನು. ಸಾವಿರದಲ್ಲಿ ಒಂದು ಭಾಗದಷ್ಟು ಅಂತರವಿದ್ದಿದ್ದರೂ ತನಗೆ ಕಾಣುತ್ತಿತ್ತೆಂದೂ, ಅಂಥ ಅಂತರವೇನೂ ಕಾಣಲಿಲ್ಲವೆಂದೂ ಬರೆದನು. ಚಿನ್ನವೂ ಗೋಧಿಯೂ ಭೂಮಿಯ ಕಣ್ಣಿಗೆ ಒಂದೇ!

ಇದೇಕೆ ಹೀಗೆ? ಪ್ರತಿಯೊಂದು ವಸ್ತುವಿಗೂ ಎರಡು ಸ್ವಭಾವಗಳುಂಟು. ಒಂದು, ಭೂಮಿಯ ಸೆಳೆತಕ್ಕೆ ಒಳಗಾಗುವುದು. ಇನ್ನೊಂದು, ಇದ್ದ ಸ್ಥಿತಿಯಿಂದ ಕದಲಲು ಒಪ್ಪದ ಜಡತೆ. ಭಾರವಾದ ಗುಂಡನ್ನು ಭೂಮಿ ಹೆಚ್ಚು ಬಲದಿಂದ ಎಳೆಯುತ್ತದೆ. ಆದರೆ ಅದರ ಜಡತೆಯೂ ಅಷ್ಟೇ ಹೆಚ್ಚು. ಎರಡೂ ಸರಿದೂಗಿ ಭಾರವಾದದ್ದೂ ಹಗುರವಾದದ್ದೂ ಸಮನಾಗಿ ಬೀಳುತ್ತವೆ. ಹುಟ್ಟಿನಿಂದ ಬೇರೆಯಾಗಿ ತೋರುವ ಈ ಎರಡು ಗುಣಗಳು ಎಲ್ಲ ವಸ್ತುಗಳಲ್ಲಿಯೂ ಒಂದೇ ಪ್ರಮಾಣದಲ್ಲಿ ಏಕೆ ಇರಬೇಕು? ನ್ಯೂಟನ್ನನ ಸಿದ್ಧಾಂತದಲ್ಲಿ ಇದಕ್ಕೆ ಕಾರಣವಿಲ್ಲ. ಇದೆ ಎಂದು ಒಪ್ಪಿಕೊಂಡು ಮುಂದೆ ಹೋಗಬೇಕು, ಅಷ್ಟೆ.

ಹಂಗರಿ ದೇಶದ ಎಟ್ವೆಷ್ ಎಂಬ ವಿಜ್ಞಾನಿ ಈ ಪ್ರಶ್ನೆಗೆ ತನ್ನ ಬಾಳಿನ ಬಹುಭಾಗವನ್ನು ಸವೆಸಿದನು. ಸಣ್ಣ ತಂತಿಯಿಂದ ಅಡ್ಡಕಡ್ಡಿಯೊಂದನ್ನು ತೂಗಹಾಕಿ ಅದರ ಎರಡು ತುದಿಗಳಿಗೆ ಎರಡು ಬೇರೆ ಬೇರೆ ವಸ್ತುಗಳನ್ನು ಕಟ್ಟಿದನು. ಭೂಮಿಯ ಸೆಳೆತವು ಗುರುತ್ವದ ಮೇಲೆಯೂ, ಭೂಭ್ರಮಣದಿಂದ ಹೊರಕ್ಕೆ ತಳ್ಳುವ ಬಲವು ಜಡತೆಯ ಮೇಲೆಯೂ ವರ್ತಿಸುತ್ತವೆ. ಎರಡು ವಸ್ತುಗಳಲ್ಲಿ ಇವುಗಳ ಪ್ರಮಾಣ ಬೇರೆಯಾಗಿದ್ದರೆ ಕಡ್ಡಿ ಸ್ವಲ್ಪವಾದರೂ ತಿರುಗಬೇಕು. ಅದು ತಿರುಗಲಿಲ್ಲ. 2 ಕೋಟಿಯಲ್ಲಿ ಒಂದು ಭಾಗದಷ್ಟೂ ಅಂತರವಿಲ್ಲವೆಂದು ಅವನು 1889ರ ಹೊತ್ತಿಗೆ ತೋರಿಸಿದನು. ಪೇಕಾರ್ ಮತ್ತು ಫೆಕೆಟೆ ಎಂಬ ಜೊತೆಗಾರರೊಡನೆ ನಡೆಸಿದ ಇನ್ನೂ ಸೂಕ್ಷ್ಮವಾದ ಅಳತೆಗಳು 1922ರಲ್ಲಿ ಅಚ್ಚಾದುವು. ಅಷ್ಟರಲ್ಲಿ ಎಟ್ವೆಷ್ ತೀರಿಕೊಂಡು ಮೂರು ವರ್ಷಗಳಾಗಿದ್ದುವು.

ಈ ನಡುವೆ, 1907ರಲ್ಲಿ, ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಪೇಟೆಂಟ್ ಕಚೇರಿಯ ಮೇಜಿನ ಮುಂದೆ ಕುಳಿತಿದ್ದ ಐನ್‌ಸ್ಟೈನನಿಗೆ ಒಂದು ಯೋಚನೆ ಹೊಳೆಯಿತು. ಮಾಳಿಗೆಯಿಂದ ಬೀಳುತ್ತಿರುವ ಮನುಷ್ಯನಿಗೆ ತನ್ನ ತೂಕವೇ ತಿಳಿಯುವುದಿಲ್ಲ. ಜೊತೆಯಲ್ಲಿ ಬೀಳುತ್ತಿರುವ ವಸ್ತುಗಳೆಲ್ಲ ಅವನ ಪಕ್ಕದಲ್ಲಿ ಸುಮ್ಮನೆ ತೇಲುತ್ತಿರುವಂತೆ ತೋರುತ್ತವೆ. ಎಲ್ಲವೂ ಸಮನಾಗಿ ಬೀಳುವುದರಿಂದಲೇ ಅಲ್ಲವೆ ಇದು ಸಾಧ್ಯ? ಈ ಎಳೆಯನ್ನು ಹಿಡಿದು ಅವನು 1915ರಲ್ಲಿ ಸಾಪೇಕ್ಷತಾ ಸಿದ್ಧಾಂತವನ್ನು ವಿಸ್ತಾರವಾಗಿ ಕಟ್ಟಿದನು. ಗುರುತ್ವವೆಂದರೆ ಬಲವಲ್ಲ, ದೇಶಕಾಲಗಳ ಬಾಗು ಎಂದು ಸಾರಿದನು. ಅಂದಮೇಲೆ ವಸ್ತುಗಳು ಸಮನಾಗಿ ಬೀಳುವುದು ಆ ಭವನದ ಅಸ್ತಿಭಾರ. ಅಸ್ತಿಭಾರದ ಕಲ್ಲು ಸ್ವಲ್ಪ ಕದಲಿದರೂ ಮೇಲಿನ ಗೋಡೆ ಬಿರುಕು ಬಿಡುತ್ತದೆ.

ಇಷ್ಟು ಸಾರಿ ಪರೀಕ್ಷೆಯಾದ ಮೇಲೆ ಮತ್ತೇಕೆ ಸಂದೇಹವೆನ್ನುವಿರಾ? ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮಲ್ಲಿಯೇ ಇದೆ. ಸಂದೇಹಕ್ಕೆ ಎರಡು ಬಲವಾದ ಕಾರಣಗಳುಂಟು. ಮೊದಲನೆಯದು, ಗ್ರಹನಕ್ಷತ್ರಗಳನ್ನು ವಿವರಿಸುವ ಐನ್‌ಸ್ಟೈನನ ಸಿದ್ಧಾಂತವೂ ಪರಮಾಣುಗಳನ್ನು ವಿವರಿಸುವ ಕ್ವಾಂಟಂ ಸಿದ್ಧಾಂತವೂ ತಮ್ಮ ತಮ್ಮ ಮನೆಗಳಲ್ಲಿ ಸತ್ಯವಾಗಿದ್ದರೂ ಒಂದೇ ಜಗಲಿಯ ಮೇಲೆ ಕೂರಲು ಒಪ್ಪುತ್ತಿಲ್ಲ. ಎರಡನೆಯದು, ನಕ್ಷತ್ರಮಂಡಲಗಳ ಚಲನೆಯನ್ನು ಲೆಕ್ಕಹಾಕಿದವರ ಪ್ರಕಾರ ನಮಗೆ ಪರಿಚಿತವಾದ ದ್ರವ್ಯ ವಿಶ್ವದಲ್ಲಿ ನೂರಕ್ಕೆ ಸುಮಾರು 5 ಪಾಲು ಮಾತ್ರ. ಉಳಿದದ್ದನ್ನು ಕಗ್ಗತ್ತಲ ದ್ರವ್ಯ, ಕಗ್ಗತ್ತಲ ಶಕ್ತಿ ಎಂದು ಕರೆದಿದ್ದಾರೆ. ಹೆಸರಿಟ್ಟದ್ದಾಗಿದೆ, ಗುರುತು ಹಿಡಿದದ್ದಾಗಿಲ್ಲ. ಅವುಗಳೊಡನೆ ನಮಗೆ ತಿಳಿಯದ ಬಲವೊಂದು ಇದ್ದು, ಅದು ಚಿನ್ನವನ್ನು ಒಂದು ಬಗೆಯಾಗಿಯೂ ಗೋಧಿಯನ್ನು ಇನ್ನೊಂದು ಬಗೆಯಾಗಿಯೂ ಎಳೆಯುತ್ತಿದ್ದರೆ ಬೀಳುವ ವಸ್ತುವಿನಲ್ಲಿ ಅದು ಎಂದಾದರೂ ಸಿಕ್ಕಿಬೀಳಲೇಬೇಕು.

1986ರಲ್ಲಿ ಸಿಕ್ಕಿಬಿದ್ದಿತೆಂದೇ ಕೆಲವರು ಭಾವಿಸಿದರು. ಅಮೆರಿಕದ ಫಿಶ್‌ಬ್ಯಾಕ್ ಮತ್ತು ಸಂಗಡಿಗರು ಎಟ್ವೆಷನ 1922ರ ಲೇಖನದ ಅಂಕಿಗಳನ್ನು ಮತ್ತೆ ಲೆಕ್ಕಹಾಕಿ, ಅವುಗಳಲ್ಲಿ ಐದನೆಯ ಬಲವೊಂದರ ಸುಳಿವು ಅಡಗಿದೆಯೆಂದು ಪ್ರಕಟಿಸಿದರು. ಸತ್ತವನ ಕಡತದಿಂದ ಹೊಸ ಸಾಕ್ಷಿ ಎದ್ದುಬಂದಂತಾಯಿತು. ಲೋಕದ ನಾನಾ ಕಡೆ ಪ್ರಯೋಗಶೀಲರು ಹೊಸ ತಕ್ಕಡಿಗಳನ್ನು ಕಟ್ಟಿದರು. ವರ್ಷಗಟ್ಟಲೆ ಹುಡುಕಿದರು. ಆ ಬಲ ಕಾಣಲಿಲ್ಲ. ಆದರೆ ಆ ಹುಡುಕಾಟದಿಂದ ತಕ್ಕಡಿಗಳು ಹಿಂದೆಂದೂ ಇಲ್ಲದಷ್ಟು ಸೂಕ್ಷ್ಮವಾದುವು. ಇದಕ್ಕೆ ಮುಂಚೆಯೇ, 1971ರಲ್ಲಿ, ಅಪೋಲೋ 15ರ ಯಾತ್ರಿಕ ಡೇವಿಡ್ ಸ್ಕಾಟ್ ಗಾಳಿಯಿಲ್ಲದ ಚಂದ್ರನ ನೆಲದ ಮೇಲೆ ಸುತ್ತಿಗೆಯನ್ನೂ ಹಕ್ಕಿಯ ಗರಿಯನ್ನೂ ಒಟ್ಟಿಗೆ ಬಿಟ್ಟು, ಅವು ಒಟ್ಟಿಗೇ ಬಿದ್ದುದನ್ನು ಲೋಕಕ್ಕೆಲ್ಲ ತೋರಿಸಿದ್ದನು. 2016ರಲ್ಲಿ ಫ್ರಾನ್ಸ್ ಹಾರಿಸಿದ ಮೈಕ್ರೋಸ್ಕೋಪ್ ಎಂಬ ಉಪಗ್ರಹದೊಳಗೆ ಟೈಟೇನಿಯಂ ಮತ್ತು ಪ್ಲಾಟಿನಂ ಲೋಹದ ತುಂಡುಗಳು ಭೂಮಿಯ ಸುತ್ತ ಎಡೆಬಿಡದೆ ಬೀಳುತ್ತ ಸುತ್ತಿದುವು. 2022ರಲ್ಲಿ ಬಂದ ಅಂತಿಮ ಫಲಿತಾಂಶದಂತೆ, ಒಂದರ ಮುಂದೆ 15 ಸೊನ್ನೆಗಳನ್ನಿಟ್ಟರೆ ಬರುವ ಸಂಖ್ಯೆಯಲ್ಲಿ ಕೆಲವೇ ಭಾಗಗಳ ಮಟ್ಟದವರೆಗೂ ಅಂತರ ಕಾಣಲಿಲ್ಲ.

ಲೋಹದ ತುಂಡು ಎಷ್ಟೇ ನಯವಾಗಿದ್ದರೂ ಮನುಷ್ಯನ ಕೈಕೆಲಸ. ಒಂದರಂತೆ ಇನ್ನೊಂದು ಇರುವುದಿಲ್ಲ. ಪರಮಾಣುವಾದರೋ ಪ್ರಕೃತಿಯ ಅಚ್ಚಿನಲ್ಲಿ ಎರಕಹೊಯ್ದದ್ದು. ರುಬಿಡಿಯಂ 87 ಎಂಬ ಜಾತಿಯ ಪರಮಾಣು ಎಲ್ಲಿ ಸಿಕ್ಕಿದರೂ ಒಂದೇ. ಅದರ ಸಹೋದರ ರುಬಿಡಿಯಂ 85ಕ್ಕೂ ಅದಕ್ಕೂ ಎರಡು ನ್ಯೂಟ್ರಾನುಗಳ ಅಂತರ ಮಾತ್ರ. ಇಷ್ಟು ಶುದ್ಧವಾದ ಗುಂಡುಗಳನ್ನು ಬೀಳಿಸಿ ನೋಡಬಾರದೇಕೆ? ನೋಡಬಹುದು, ಆದರೆ ಒಂದು ತೊಡಕು. ನಮ್ಮ ಕೋಣೆಯ ಬಿಸುಪಿನಲ್ಲಿ ರುಬಿಡಿಯಂ ಪರಮಾಣು ಸೆಕೆಂಡಿಗೆ ಸುಮಾರು 300 ಮೀಟರ್ ವೇಗದಿಂದ ಸಿಕ್ಕಸಿಕ್ಕ ಕಡೆಗೆ ಓಡುತ್ತಿರುತ್ತದೆ. ಇದು ಬೀಳುವುದನ್ನು ಅಳೆಯುವುದು ಬಿರುಗಾಳಿಯಲ್ಲಿ ದೂಳಿನ ಕಣ ಇಳಿಯುವುದನ್ನು ಅಳೆದಂತೆ. ಮೊದಲು ಅದನ್ನು ನಿಲ್ಲಿಸಬೇಕು. ಪರಮಾಣುಗಳ ಓಟವೇ ಶಾಖವಾದ್ದರಿಂದ ನಿಲ್ಲಿಸುವುದೆಂದರೆ ತಂಪುಮಾಡುವುದು.

ಶೈತ್ಯಕ್ಕೆ ಒಂದು ತಳವುಂಟು. ನೀರು ಹೆಪ್ಪುಗಟ್ಟುವ ಮಟ್ಟದಿಂದ 273.15 ಡಿಗ್ರಿ ಕೆಳಗೆ ಅದು ಇದೆ. ಇದಕ್ಕೆ ನಿರಪೇಕ್ಷ ಶೂನ್ಯವೆಂದು ಹೆಸರು. ಅಲ್ಲಿಂದ ಮೇಲಕ್ಕೆ ಎಣಿಸುವ ಡಿಗ್ರಿಗಳಿಗೆ ಕೆಲ್ವಿನ್ ಎನ್ನುತ್ತಾರೆ. 1908ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಕಾಮರ್ಲಿಂಗ್ ಓನೆಸ್ ಹೀಲಿಯಂ ಅನಿಲವನ್ನು ದ್ರವವಾಗಿಸಿ ಸುಮಾರು 4 ಕೆಲ್ವಿನ್ ಮಟ್ಟವನ್ನು ಮುಟ್ಟಿದನು. ಅದಕ್ಕಿಂತಲೂ ಬಹು ಕೆಳಗೆ ಇಳಿಯಲು ದಾರಿ ತೋರಿದ್ದು ಮಂಜುಗಡ್ಡೆಯಲ್ಲ, ಬೆಳಕು! ಬೆಳಕು ತಾಗಿದ ವಸ್ತುವನ್ನು ತಳ್ಳುತ್ತದೆಂಬುದನ್ನು ಮಾಸ್ಕೋದ ಲೆಬೆದೆವ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಅಳೆದು ತೋರಿಸಿದ್ದನು. 1975ರಲ್ಲಿ ಹೆನ್ಶ್ ಮತ್ತು ಶಾಲೊ ಎಂಬಿಬ್ಬರು ಈ ತಳ್ಳಾಟದಿಂದ ಪರಮಾಣುಗಳನ್ನು ತಡೆಯಬಹುದೆಂದು ಸೂಚಿಸಿದರು.

ಅದರ ಉಪಾಯವನ್ನು ರೇಡಿಯೋ ಇಟ್ಟುಕೊಂಡಿರುವ ನೀವು ಸುಲಭವಾಗಿ ಗ್ರಹಿಸುವಿರಿ. ಮುಳ್ಳನ್ನು ಸರಿಯಾದ ಗೆರೆಗೆ ತಿರುಗಿಸಿದಾಗ ಮಾತ್ರ ನಿಲಯವು ಕೇಳಿಸುತ್ತದೆ. ಅಂತೆಯೇ ಪ್ರತಿಯೊಂದು ಜಾತಿಯ ಪರಮಾಣುವೂ ತನ್ನದೇ ಆದ ಶ್ರುತಿಯ ಬೆಳಕನ್ನು ಮಾತ್ರ ಹೀರುತ್ತದೆ. ಎದುರಿಗೆ ಬರುವ ರೈಲಿನ ಸಿಳ್ಳು ಏರಿದ ಶ್ರುತಿಯಲ್ಲಿಯೂ ದೂರ ಹೋಗುವ ರೈಲಿನದು ಇಳಿದ ಶ್ರುತಿಯಲ್ಲಿಯೂ ಕೇಳುವುದನ್ನು ನೀವು ಬಲ್ಲಿರಿ. ಲೇಸರ್ ಬೆಳಕನ್ನು ಪರಮಾಣುವಿನ ಶ್ರುತಿಗಿಂತ ತುಸು ಇಳಿಸಿ ಹಾಯಿಸಿದರೆ, ಆ ಬೆಳಕಿನ ಎದುರಿಗೆ ಓಡಿಬರುವ ಪರಮಾಣುವಿಗೆ ಮಾತ್ರ ಶ್ರುತಿ ಏರಿದಂತೆ ತೋರಿ ಸರಿಹೊಂದುತ್ತದೆ. ಅದು ಬೆಳಕಿನ ಕಣವನ್ನು ಹೀರಿ ಹಿಮ್ಮುಖವಾಗಿ ಒಂದು ತಳ್ಳು ತಿನ್ನುತ್ತದೆ. ಒಂದು ತಳ್ಳಿನಿಂದ ಸೋಡಿಯಂ ಪರಮಾಣುವಿನ ವೇಗ ಸೆಕೆಂಡಿಗೆ ಸುಮಾರು 3 ಸೆಂಟಿಮೀಟರಿನಷ್ಟು ಮಾತ್ರ ತಗ್ಗುತ್ತದೆ. ಆದರೆ ಇಂಥ ತಳ್ಳುಗಳು ಸಾವಿರಾರು ಸಾರಿ ಬಿದ್ದರೆ? 1985ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಸ್ಟೀವನ್ ಚೂ ಮತ್ತು ಸಂಗಡಿಗರು ಆರು ದಿಕ್ಕುಗಳಿಂದ ಲೇಸರ್ ಹಾಯಿಸಿ ಸೋಡಿಯಂ ಪರಮಾಣುಗಳನ್ನು ಕಾಕಂಬಿಯಲ್ಲಿ ಸಿಕ್ಕಿದ ಇರುವೆಗಳಂತೆ ತೆವಳಿಸಿದರು. ಆಗ ಅವುಗಳ ತಾಪ ಒಂದು ಕೆಲ್ವಿನ್ನಿನ 10 ಲಕ್ಷ ಭಾಗಗಳಲ್ಲಿ ಸುಮಾರು 240 ಭಾಗ. ಇದಕ್ಕಿಂತ ಕೆಳಗಿಳಿಯಲಾಗದೆಂದು ಲೆಕ್ಕ ಹೇಳುತ್ತಿತ್ತು. 1988ರಲ್ಲಿ ವಿಲಿಯಂ ಫಿಲಿಪ್ಸ್ ಅಳೆದಾಗ ಸುಮಾರು 40 ಭಾಗ ಮಾತ್ರ ಬಂದಿತು! ಅಳತೆ ತಪ್ಪಲ್ಲ, ಲೆಕ್ಕವೇ ಅಪೂರ್ಣವಾಗಿತ್ತು. ಅದರ ಕಾರಣವನ್ನು ಬಿಡಿಸಿ ಹೇಳಿದವರಲ್ಲಿ ಪ್ಯಾರಿಸಿನ ಕ್ಲಾಡ್ ಕೊಹೆನ್ ತನೂಜಿ ಪ್ರಮುಖನು. ಈ ಮೂವರೂ 1997ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಇಲ್ಲಿ ನಮ್ಮ ದೇಶದವನೊಬ್ಬನ ಹೆಸರು ಬರುತ್ತದೆ. 1924ರ ಜೂನ್ 4ರಂದು ಢಾಕಾ ವಿಶ್ವವಿದ್ಯಾನಿಲಯದ ಅಧ್ಯಾಪಕ ಸತ್ಯೇಂದ್ರನಾಥ ಬೋಸರು ತಮ್ಮ ಸಣ್ಣ ಪ್ರಬಂಧವೊಂದನ್ನು ಐನ್‌ಸ್ಟೈನನಿಗೆ ಅಂಚೆಯಲ್ಲಿ ಕಳುಹಿಸಿದರು. ಬೆಳಕಿನ ಕಣಗಳನ್ನು ಒಂದರಿಂದ ಒಂದನ್ನು ಬೇರ್ಪಡಿಸಿ ಗುರುತಿಸಲಾಗದೆಂದು ಬಗೆದು ಎಣಿಸುವ ಹೊಸ ಕ್ರಮ ಅದರಲ್ಲಿತ್ತು. ಐನ್‌ಸ್ಟೈನನು ಅದನ್ನು ತಾನೇ ಜರ್ಮನ್ ಭಾಷೆಗೆ ತಿರುಗಿಸಿ ಪ್ರಕಟಿಸಿ, ಆ ಕ್ರಮವನ್ನು ಪರಮಾಣುಗಳಿಗೂ ಹಚ್ಚಿದನು. ಬಹಳ ತಂಪಾದಾಗ ಪರಮಾಣುಗಳು ತಮ್ಮ ಪ್ರತ್ಯೇಕತೆಯನ್ನು ಬಿಟ್ಟು ಒಂದೇ ಅಲೆಯಾಗಿ ಕೂಡಿಕೊಳ್ಳಬೇಕೆಂದು ಅವನ ಲೆಕ್ಕ ತಿಳಿಸಿತು. ಅದನ್ನು ಕಣ್ಣಾರೆ ಕಾಣಲು 71 ವರ್ಷ ಬೇಕಾಯಿತು. 1995ರ ಜೂನ್ 5ರಂದು ಅಮೆರಿಕದ ಬೋಲ್ಡರ್ ನಗರದಲ್ಲಿ ಎರಿಕ್ ಕಾರ್ನೆಲ್ ಮತ್ತು ಕಾರ್ಲ್ ವೀಮನ್ ಸುಮಾರು 2000 ರುಬಿಡಿಯಂ ಪರಮಾಣುಗಳನ್ನು ಒಂದು ಕೆಲ್ವಿನ್ನಿನ ನೂರು ಕೋಟಿ ಭಾಗಗಳಲ್ಲಿ 170 ಭಾಗದ ತಾಪಕ್ಕೆ ಇಳಿಸಿ ಆ ಸ್ಥಿತಿಯನ್ನು ಪಡೆದರು. ಅದೇ ವರ್ಷ ವುಲ್ಫ್‌ಗಾಂಗ್ ಕೆಟರ್ಲೆ ಸೋಡಿಯಮ್ಮಿನಲ್ಲಿ ಪಡೆದನು. 2001ರ ನೊಬೆಲ್ ಈ ಮೂವರದಾಯಿತು. ಕೊನೆಯ ಹಂತದ ತಂಪಿಗೆ ಅವರು ಬಳಸಿದ ತತ್ತ್ವ ನಮ್ಮ ಮಣ್ಣಿನ ಹೂಜಿಯದೇ. ಬಿಸಿಯಾದ ಕಣಗಳು ಆವಿಯಾಗಿ ಹಾರಿಹೋದರೆ ಉಳಿದವು ತಂಪಾಗುತ್ತವೆ. ಬೋಸರು ಮಾತ್ರ 1974ರಲ್ಲಿಯೇ ತೀರಿಕೊಂಡಿದ್ದರು.

ಇನ್ನು ಬೀಳಿಸುವ ಮಾತು. ಪರಮಾಣು ಕಣವೂ ಹೌದು, ಅಲೆಯೂ ಹೌದು. 1991ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಮಾರ್ಕ್ ಕೆಸೆವಿಚ್ ಮತ್ತು ಚೂ ಬೀಳುತ್ತಿರುವ ಪರಮಾಣುವಿನ ಅಲೆಯನ್ನು ಲೇಸರಿನ ಒಂದು ಮಿಣುಕಿನಿಂದ ಎರಡು ದಾರಿಗೆ ಕವಲೊಡೆಸಿದರು. ಎರಡನೆಯ ಮಿಣುಕಿನಿಂದ ಕವಲುಗಳನ್ನು ಒಂದರ ಕಡೆಗೆ ಒಂದನ್ನು ತಿರುಗಿಸಿ, ಮೂರನೆಯದರಿಂದ ಕೂಡಿಸಿದರು. ತಂಬೂರಿಯ ಎರಡು ತಂತಿಗಳು ತುಸು ಶ್ರುತಿ ತಪ್ಪಿದರೆ ನಾದದಲ್ಲಿ ಮಿಡಿತ ಹುಟ್ಟುತ್ತದಲ್ಲವೆ? ಹಾಗೆಯೇ ಎರಡು ಕವಲುಗಳ ಅಲೆಗಳು ಮತ್ತೆ ಕೂಡುವಾಗ ಅವುಗಳ ಅಂತರದಲ್ಲಿ ಭೂಮಿಯ ಸೆಳೆತದ ಗುರುತು ಉಳಿದಿರುತ್ತದೆ. ಬೀಳುವ ಕಾಲ ಎರಡರಷ್ಟಾದರೆ ಈ ಗುರುತು ನಾಲ್ಕರಷ್ಟಾಗುತ್ತದೆ. ಆದುದರಿಂದ ಚದರಿಹೋಗದೆ ಹೆಚ್ಚು ಹೊತ್ತು ಬೀಳುವ ಪರಮಾಣು ಬೇಕು. ಅಂದರೆ ಅತ್ಯಂತ ತಂಪಾದದ್ದು ಬೇಕು. ಶೈತ್ಯದ ಚರಿತ್ರೆಯೂ ಗುರುತ್ವದ ಚರಿತ್ರೆಯೂ ಕೂಡಿದ ಸ್ಥಳ ಇದು.

ಫಲವೇನಾಯಿತು? 1999ರಲ್ಲಿ ಚೂ ಮತ್ತು ಸಂಗಡಿಗರು ಸೀಸಿಯಂ ಪರಮಾಣುವಿನ ಪತನವನ್ನು ಗಾಜಿನ ಉಪಕರಣವೊಂದರ ಪತನದೊಡನೆ ಹೋಲಿಸಿದರು. ನೂರು ಕೋಟಿಯಲ್ಲಿ 7 ಭಾಗದ ಮಟ್ಟದವರೆಗೆ ಎರಡೂ ಒಂದೇ. ಪರಮಾಣುವೆಂಬ ಕ್ವಾಂಟಂ ಪ್ರಪಂಚದ ನಿವಾಸಿಯೂ ಗಾಜೆಂಬ ನಮ್ಮ ನಿತ್ಯಪ್ರಪಂಚದ ವಸ್ತುವೂ ಸಮನಾಗಿ ಬಿದ್ದುವು. ತರುವಾಯ ಕೆಸೆವಿಚ್ ಸ್ಟ್ಯಾನ್‌ಫರ್ಡಿನಲ್ಲಿ 10 ಮೀಟರ್ ಎತ್ತರದ ನಿರ್ವಾತದ ಕೊಳವೆಯನ್ನು ನಿಲ್ಲಿಸಿದನು. ಅದರಲ್ಲಿ ಪರಮಾಣುಗಳನ್ನು ಕಾರಂಜಿಯಂತೆ ಮೇಲಕ್ಕೆ ಚಿಮ್ಮಿಸಿ ಬೀಳಗೊಡುತ್ತಾರೆ. 2015ರಲ್ಲಿ ಅಲ್ಲಿ ಒಂದೇ ಪರಮಾಣುವಿನ ಎರಡು ಕವಲುಗಳನ್ನು 54 ಸೆಂಟಿಮೀಟರಿನಷ್ಟು ದೂರ ಸರಿಸಿ ಮತ್ತೆ ಕೂಡಿಸಿದರು. 2020ರಲ್ಲಿ ರುಬಿಡಿಯಂ 85 ಮತ್ತು 87ನ್ನು ಜೊತೆಯಾಗಿ ಸುಮಾರು 2 ಸೆಕೆಂಡು ಬೀಳಿಸಿ, ಲಕ್ಷ ಕೋಟಿಯಲ್ಲಿ ಕೆಲವು ಭಾಗಗಳ ಮಟ್ಟದವರೆಗೂ ಅಂತರವಿಲ್ಲವೆಂದು ಕಂಡರು. ಉಪಗ್ರಹದ ಲೋಹಗಳು ಇದಕ್ಕಿಂತ ಸೂಕ್ಷ್ಮವಾದ ಉತ್ತರವನ್ನು ಕೊಟ್ಟಿವೆ, ನಿಜ. ಆದರೆ ಅಲೆಯಾಗಿ ಬೀಳುವ ವಸ್ತುವಿನಿಂದ ಉತ್ತರ ಪಡೆದದ್ದು ಈ ಕೊಳವೆಯ ಹೆಚ್ಚಳ.

ಇನ್ನೊಂದು ಹುಡುಕಾಟದ ಹೆಸರು ನಿಮಗೆ ಸ್ವಾರಸ್ಯವಾಗಿ ತೋರಬಹುದು. 2004ರಲ್ಲಿ ಜಸ್ಟಿನ್ ಖೌರಿ ಮತ್ತು ಅಮಾಂಡಾ ವೆಲ್ಟ್‌ಮನ್ ಎಂಬಿಬ್ಬರು ಕಗ್ಗತ್ತಲ ಶಕ್ತಿಗೆ ಕಾರಣವಾಗಬಹುದಾದ ಬಲವೊಂದನ್ನು ಕಲ್ಪಿಸಿದರು. ದ್ರವ್ಯ ದಟ್ಟವಾಗಿರುವಲ್ಲಿ ಅದು ಮರೆಯಾಗುತ್ತದೆ, ಶೂನ್ಯಪ್ರದೇಶದಲ್ಲಿ ಮಾತ್ರ ಪ್ರಕಟವಾಗುತ್ತದೆ. ಸುತ್ತಣ ಪರಿಸರಕ್ಕೆ ತಕ್ಕಂತೆ ವೇಷ ಬದಲಿಸುವುದರಿಂದ ಅದಕ್ಕೆ ಗೋಸುಂಬೆಯ ಹೆಸರನ್ನೇ ಇಟ್ಟರು. ದೊಡ್ಡ ಲೋಹದ ಗುಂಡಿನ ಒಳಗೆ ಅಡಗುವ ಗೋಸುಂಬೆ ಒಂಟಿ ಪರಮಾಣುವಿನಲ್ಲಿ ಅಡಗಲಾರದಷ್ಟೆ. 2015ರಲ್ಲಿ ಬರ್ಕ್ಲಿಯ ಹೋಲ್ಗರ್ ಮುಲ್ಲರ್ ಮತ್ತು ಸಂಗಡಿಗರು ನಿರ್ವಾತದ ಪಾತ್ರೆಯೊಳಗೆ ಸಣ್ಣ ಗುಂಡೊಂದರ ಬಳಿ ಸೀಸಿಯಂ ಪರಮಾಣುಗಳನ್ನು ಬಿಟ್ಟು ನೋಡಿದರು. ಗೋಸುಂಬೆ ಸಿಕ್ಕಲಿಲ್ಲ. ಅದು ಅಡಗಿರಬಹುದಾದ ಪೊದೆಗಳಲ್ಲಿ ಬಹಳವನ್ನು ಕಡಿದುಹಾಕಿದಂತಾಯಿತು.

ಎಲ್ಲ ಕಡೆಯೂ ಉತ್ತರ ಇಷ್ಟು ನಿರ್ಮಲವಾಗಿಲ್ಲ. ಬೆಳಕಿಗೂ ವಿದ್ಯುತ್ಕಣಕ್ಕೂ ಇರುವ ನಂಟಿನ ಬಲವನ್ನು ಸೂಚಿಸುವ ಸಂಖ್ಯೆಯೊಂದುಂಟು. ಅದನ್ನು ಭೌತಶಾಸ್ತ್ರಕ್ಕೆ ತಂದವನು ಜರ್ಮನಿಯ ಸೊಮ್ಮರ್‌ಫೆಲ್ಡ್, 1916ರಲ್ಲಿ. ಅದು ಸುಮಾರು 137ರಲ್ಲಿ ಒಂದು ಪಾಲು. ತಂಪಾದ ಪರಮಾಣು ಬೆಳಕಿನ ಕಣವನ್ನು ಹೀರಿದಾಗ ಎಷ್ಟು ಹಿಂದಕ್ಕೆ ಒದೆಯಲ್ಪಡುತ್ತದೆಂದು ಅಳೆದರೆ ಈ ಸಂಖ್ಯೆ ದೊರೆಯುತ್ತದೆ. 2018ರಲ್ಲಿ ಬರ್ಕ್ಲಿಯವರು ಸೀಸಿಯಮ್ಮಿನಿಂದ ಪಡೆದದ್ದು 137.035999046. 2020ರಲ್ಲಿ ಪ್ಯಾರಿಸಿನ ಸಾಯಿದಾ ಗೆಲಾಟಿ ಖೆಲಿಫಾ ಮತ್ತು ಸಂಗಡಿಗರು ರುಬಿಡಿಯಮ್ಮಿನಿಂದ ಪಡೆದದ್ದು 137.035999206. ಮೊದಲ ಒಂಬತ್ತು ಅಂಕೆಗಳು ಒಂದೇ, ಕೊನೆಯ ಮೂರು ಬೇರೆ. ಇದು ಗಣನೆಗೆ ಬಾರದಷ್ಟು ಅಲ್ಪವೆಂದು ನಮಗೆ ತೋರಬಹುದು. ಆದರೆ ಎರಡು ಅಳತೆಗಾರರೂ ತಮ್ಮ ತಮ್ಮ ಅಳತೆಗೆ ಒಪ್ಪಿಕೊಂಡ ಅನಿಶ್ಚಯಕ್ಕಿಂತ ಈ ಅಂತರ ಐದು ಪಟ್ಟಿಗೂ ಹೆಚ್ಚು. ಈ ಸಂಖ್ಯೆಯನ್ನು ಇಟ್ಟುಕೊಂಡೇ ಎಲೆಕ್ಟ್ರಾನಿನ ಕಾಂತಗುಣವನ್ನು ಲೆಕ್ಕಹಾಕಿ, ಅಳತೆಯೊಡನೆ ಹೋಲಿಸಿ, ಹೊಸ ಕಣಗಳಿವೆಯೋ ಇಲ್ಲವೋ ಎಂದು ವಿಚಾರಿಸುತ್ತಾರೆ. ತಕ್ಕಡಿಯ ಎರಡು ಕಲ್ಲುಗಳೇ ಹೊಂದದಿದ್ದರೆ ಸರಕನ್ನು ಕುರಿತು ತೀರ್ಪು ಹೇಳುವುದು ಹೇಗೆ? ಎರಡು ಊರಿನವರೂ ಜಗಳಕ್ಕೆ ನಿಲ್ಲದೆ ತಂತಮ್ಮ ಉಪಕರಣಗಳನ್ನೇ ಮತ್ತೆ ಶೋಧಿಸಲು ಹೊರಟರು. ಶಾಸ್ತ್ರದ ಶೀಲವೆಂದರೆ ಇದು.

ಸೃಷ್ಟಿಯಲ್ಲಿ ಪ್ರತಿದ್ರವ್ಯವೆಂಬುದೊಂದಿದೆ. ನಮ್ಮ ದ್ರವ್ಯದ ಕನ್ನಡಿಯ ಬಿಂಬದಂತಿರುವ ಇದು ಕೆಳಕ್ಕೆ ಬೀಳುವುದೋ ಮೇಲಕ್ಕೆ ಏರುವುದೋ ಎಂದು ಕೆಲವರು ಕೇಳುತ್ತಿದ್ದರು. 2023ರಲ್ಲಿ ಜಿನೀವಾ ಬಳಿಯ ಸೆರ್ನ್ ಕೇಂದ್ರದಲ್ಲಿ ತಂಪುಗೊಳಿಸಿ ಹಿಡಿದಿಟ್ಟ ಪ್ರತಿಜಲಜನಕದ ಪರಮಾಣುಗಳನ್ನು ಬಿಟ್ಟು ನೋಡಿದರು. ಅವೂ ಕೆಳಕ್ಕೇ ಬಿದ್ದುವು. ಅಮೆರಿಕದ ಫರ್ಮಿ ಪ್ರಯೋಗಶಾಲೆಯ 100 ಮೀಟರ್ ಆಳದ ಬಾವಿಯಲ್ಲಿ ಪರಮಾಣುಗಳನ್ನು ಬೀಳಿಸುವ ಯೋಜನೆ ನಡೆದಿದೆ. ಬಾಹ್ಯಾಕಾಶ ನಿಲ್ದಾಣಕ್ಕೆ 2018ರಲ್ಲಿಯೇ ಶೀತಲ ಪರಮಾಣುಗಳ ಪ್ರಯೋಗಶಾಲೆಯೊಂದು ಏರಿಹೋಯಿತು. ನಮ್ಮ ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ನರು 1948ರಲ್ಲಿ ಸ್ಥಾಪಿಸಿದ ಸಂಶೋಧನ ಸಂಸ್ಥೆಯಲ್ಲಿಯೂ ಲೇಸರಿನಿಂದ ತಂಪುಗೊಳಿಸಿದ ಪರಮಾಣುಗಳ ಅಭ್ಯಾಸ ನಡೆಯುತ್ತಿದೆ.

ಇಷ್ಟೆಲ್ಲ ಶ್ರಮಕ್ಕೆ ಕೈಗೆ ಬಂದದ್ದು ಸೊನ್ನೆಯೇ ಅಲ್ಲವೆ ಎಂದು ಮನೆಯ ಲೆಕ್ಕ ಬರೆಯುವ ಗೃಹಿಣಿ ಕೇಳಿದರೆ ಆಕೆಯ ಪ್ರಶ್ನೆ ನ್ಯಾಯವಾದದ್ದೇ. ಒಂದು ಉತ್ತರ, ದಾರಿಯಲ್ಲಿ ದೊರೆತ ಉಪಫಲಗಳು. ರೇಡಿಯೋದ ಕಾಲಸೂಚಕ ನಾದಕ್ಕೆ ಗಡಿಯಾರವನ್ನು ಸರಿಮಾಡಿಕೊಳ್ಳುವುದು ಎಷ್ಟೋ ಮನೆಗಳ ವಾಡಿಕೆ. 1967ರಿಂದ ಸೆಕೆಂಡೆಂಬ ಅಳತೆಯನ್ನೇ ಸೀಸಿಯಂ ಪರಮಾಣುವಿನ 9192631770 ಮಿಡಿತಗಳೆಂದು ನಿಶ್ಚಯಿಸಲಾಗಿದೆ. ಭಾರತದ ಕಾಲವನ್ನು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಶಾಲೆ ಪರಮಾಣು ಗಡಿಯಾರಗಳಿಂದ ಕಾಯುತ್ತದೆ. 2022ರಲ್ಲಿ ಬೋಲ್ಡರಿನ ಜುನ್ ಯೆ ಮತ್ತು ಸಂಗಡಿಗರು ಶೀತಲ ಸ್ಟ್ರಾಂಷಿಯಂ ಪರಮಾಣುಗಳಿಂದ, ಒಂದು ಮಿಲಿಮೀಟರಿನಷ್ಟು ಎತ್ತರದ ಅಂತರದಲ್ಲಿಯೂ ಕಾಲದ ನಡೆ ಬೇರೆಯಾಗುವುದನ್ನು ತೋರಿಸಿದರು. ಅದೇ ವರ್ಷ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನವರು ಬೀಳುವ ಪರಮಾಣುಗಳನ್ನು ಬಳಸಿ ನೆಲದೊಳಗೆ ಹೂತ ಸುರಂಗವನ್ನು ಅಗೆಯದೆಯೇ ಪತ್ತೆಹಚ್ಚಿದರು.

ಇನ್ನೊಂದು ಉತ್ತರ ಇದಕ್ಕಿಂತ ಮುಖ್ಯವಾದದ್ದು. ಸ್ಟೆವಿನ್ನನ ಗುಂಡುಗಳು ಕಿವಿಗೆ ತಿಳಿಯುವಷ್ಟು ಅಂತರವಿಲ್ಲವೆಂದು ಮಾತ್ರ ಹೇಳಿದುವು. ನ್ಯೂಟನ್ನನ ಲೋಲಕ ಸಾವಿರದಲ್ಲಿ ಒಂದು ಭಾಗವೆಂದಿತು. ಎಟ್ವೆಷನ ತಕ್ಕಡಿ ಕೋಟಿಗಳಲ್ಲಿ ಒಂದು ಭಾಗವೆಂದಿತು. ಇಂದಿನ ಸೊನ್ನೆ ಅವರ ಸೊನ್ನೆಯಲ್ಲ. ಪ್ರತಿಯೊಂದು ಸೊನ್ನೆಯೂ ಹಿಂದಿನದಕ್ಕಿಂತ ಕಿರಿದಾಗುತ್ತ, ಪಂಡಿತರ ಊಹೆಗಳಲ್ಲಿ ಸುಳ್ಳಾದುವನ್ನು ಒಂದೊಂದಾಗಿ ಹೊರಗೆ ಕಳುಹಿಸಿದೆ. ಅರಿಸ್ಟಾಟಲನ ಮಾತು ಅಷ್ಟು ಶತಮಾನಗಳು ನಿಂತದ್ದು ಜನರು ದಡ್ಡರಾಗಿದ್ದರಿಂದಲ್ಲ, ಸ್ಪಷ್ಟವಾಗಿ ತೋರಿದ್ದನ್ನು ಮತ್ತೆ ಅಳೆಯುವ ಅಗತ್ಯ ಅವರಿಗೆ ಕಾಣದೆ ಹೋದುದರಿಂದ. ಐನ್‌ಸ್ಟೈನನ ಮಾತನ್ನೂ ಅದೇ ರೀತಿ ಪರೀಕ್ಷೆಯಿಲ್ಲದೆ ನಂಬಿ ಕುಳಿತರೆ ಅವನಿಗೆ ಗೌರವ ತೋರಿದಂತಾಗುವುದಿಲ್ಲ. ಮುಂದಿನ ಅಂಕೆಯಲ್ಲಿ ಅಂತರ ಕಾಣಬಹುದು, ಕಾಣದೆಯೂ ಇರಬಹುದು. ಮಕ್ಕಳು ಮನೆಯಲ್ಲಿ ಎರಡು ವಸ್ತುಗಳನ್ನು ಒಟ್ಟಿಗೆ ಬೀಳಿಸಿ ಸದ್ದು ಮಾಡಿದರೆ ಒಡನೆಯೇ ಗದರಬೇಡಿ. ಯಾವುದು ಮೊದಲು ಬಿದ್ದಿತೆಂದು ಅವರನ್ನು ಕೇಳಿ, ಇನ್ನೊಂದು ಸಾರಿ ಬೀಳಿಸಿ ನೋಡಲು ಹೇಳಿ.